ಅಳತೆ ಕೊಟ್ಟು ಕಟ್ಟಿಸಿಕೊಂಡ ಗಾಳದ ರಾಡ್: ಒಂದು ಋತುವಿನ ಬಳಕೆಯ ನಂತರ

ಮಂಗಳೂರು ಮತ್ತು ಉಡುಪಿಯ ನಡುವೆ, ಹೆದ್ದಾರಿಯಿಂದ ತುಸು ಒಳಗೆ, ಮನೆಯ ಹಿಂಬದಿಯ ಕೋಣೆಯನ್ನೇ ಕಾರ್ಯಾಗಾರ ಮಾಡಿಕೊಂಡು ಗಾಳದ ರಾಡ್‌ಗಳನ್ನು ಕಟ್ಟಿಕೊಡುವವರೊಬ್ಬರಿದ್ದಾರೆ. ಅವರಿಂದ ಒಂಬತ್ತೂವರೆ ಅಡಿಯ, ಎರಡು ತುಂಡಿನ ಸ್ಪಿನ್ನಿಂಗ್ ರಾಡ್ ಒಂದನ್ನು ನನ್ನ ಅಳತೆಗೆ ಮಾಡಿಸಿಕೊಂಡು, ದೀಪಾವಳಿಯ ನಂತರದಿಂದ ಮಳೆ ಹಿಡಿಯುವವರೆಗೆ ಬಳಸಿದ್ದೇನೆ. ಅವರ ಹೆಸರನ್ನು ಬರೆಯುತ್ತಿಲ್ಲ. ಒಪ್ಪಿಕೊಂಡ ಕೆಲಸವೇ ಮುಗಿಯುತ್ತಿಲ್ಲ, ಸದ್ಯಕ್ಕೆ ಹೊಸಬರನ್ನು ಕಳುಹಿಸಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಆದರೂ ಇದನ್ನು ಬರೆಯಲು ಕಾರಣವಿದೆ. ಇಂಥ ಕೆಲಸ ಮಾಡುವವರು ದೇಶದ ಬೇರೆ ಕಡೆಗಳಲ್ಲೂ ಇದ್ದಾರೆ, ಅವರ ಬಳಿ ಹೋಗುವವರಿಗೆ ಏನನ್ನು ಕೇಳಬೇಕು, ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದು ಕನ್ನಡದಲ್ಲಿ ಎಲ್ಲಿಯೂ ಸರಿಯಾಗಿ ಸಿಗುವುದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ರಾಡ್ ಚೆನ್ನಾಗಿದೆ, ಕೊಟ್ಟ ಹಣ ವ್ಯರ್ಥವಾಗಿಲ್ಲ. ಆದರೆ ಆ ಹಣದ ಬೆಲೆ ಇರುವುದು ಹಿಡಿಯ ಉದ್ದದಲ್ಲಿ ಮತ್ತು ದಾರ ಹಾಯುವ ಗೈಡ್‌ಗಳನ್ನು ಕೂರಿಸಿದ ರೀತಿಯಲ್ಲಿ. ಬಣ್ಣದ ನೂಲು, ಹೆಸರು ಬರೆಸುವುದು, ಹೊಳಪು ಇತ್ಯಾದಿಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗುವವರು ನಿರಾಶರಾಗದಿದ್ದರೂ, ಅಷ್ಟು ಖರ್ಚು ಮಾಡಬೇಕಾಗಿರಲಿಲ್ಲ ಎಂದು ಆಮೇಲೆ ಅನ್ನಿಸುವ ಸಾಧ್ಯತೆ ಹೆಚ್ಚು.

ಅಂಗಡಿಯಲ್ಲಿ ಸಿಗುವ ರಾಡ್ ಏಕೆ ಸಾಲಲಿಲ್ಲ ಎಂಬುದನ್ನು ವಿವರಿಸದೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಹೆಚ್ಚಾಗಿ ಗಾಳ ಹಾಕುವುದು ಸುರತ್ಕಲ್ ಮತ್ತು ಕಾಪು ಕಡೆಯ ಕಡಲ ಬಂಡೆಗಳ ಬಳಿ, ಕೆಲವೊಮ್ಮೆ ನೇತ್ರಾವತಿಯ ಅಳಿವೆಯ ದಂಡೆಯಲ್ಲಿ. ಬಂಡೆಯ ಅಂಚಿಗೆ ಹೋಗಿ ನಿಲ್ಲುವುದು ಅಪಾಯ. ಅಲೆ ಬಡಿಯುವ ಜಾಗದಿಂದ ಹಿಂದೆ ನಿಂತೇ ಲ್ಯೂರನ್ನು, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆಯನ್ನು, ದೂರಕ್ಕೆ ಎಸೆಯಬೇಕು, ಮೀನು ಸಿಕ್ಕಿದ ಮೇಲೆ ದಾರ ಬಂಡೆಗೆ ಉಜ್ಜದಂತೆ ಎತ್ತರಿಸಿ ಹಿಡಿಯಬೇಕು. ಹಾಗಾಗಿ ಒಂಬತ್ತು ಅಡಿಗಿಂತ ಕಡಿಮೆಯ ರಾಡ್ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆದರೆ ಕಾರ್ಖಾನೆಯಿಂದ ಬರುವ ಉದ್ದದ ರಾಡ್‌ಗಳಲ್ಲಿ ದಾರ ಸುತ್ತುವ ರೀಲ್‌ನಿಂದ ಹಿಂಬದಿಯ ತುದಿಯವರೆಗಿನ ಹಿಡಿಯೂ ಅಷ್ಟೇ ಉದ್ದವಾಗಿರುತ್ತದೆ, ಅನೇಕ ಮಾದರಿಗಳಲ್ಲಿ ಅದು ಅರ್ಧ ಮೀಟರ್ ದಾಟುತ್ತದೆ. ಆರಡಿ ಎತ್ತರದವರಿಗೆ ಅದು ಸರಿಹೋಗಬಹುದು. ಐದಡಿ ಮೂರಂಗುಲದ ನನಗೆ ಲ್ಯೂರನ್ನು ಎಳೆದೆಳೆದು ಆಡಿಸುವಾಗಲೆಲ್ಲ ಅದು ಪಕ್ಕೆಗೆ ತಾಗುತ್ತಿತ್ತು, ಮಳೆಯಂಗಿ ಹಾಕಿಕೊಂಡ ದಿನವಂತೂ ಅಂಗಿಗೇ ಸಿಕ್ಕಿಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತಿದ್ದುದೂ ಇದರಿಂದಲೇ.

ಮೊದಲ ಭೇಟಿಗೆ ಬರುವಾಗ ಈಗ ಬಳಸುತ್ತಿರುವ ರಾಡನ್ನೂ ರೀಲನ್ನೂ ತರಬೇಕೆಂದು ಅವರು ಫೋನಿನಲ್ಲೇ ಹೇಳಿದ್ದರು. ಅದು ಒಳ್ಳೆಯ ಲಕ್ಷಣ ಎಂದು ಈಗ ತಿಳಿಯುತ್ತದೆ. ಯಾವ ರೀಲ್ ಎಂದು ಕೇಳದೆ ರಾಡಿಗೆ ಬೆಲೆ ಹೇಳುವವರಿದ್ದರೆ ಅಲ್ಲಿಂದ ಎದ್ದು ಬರುವುದೇ ಲೇಸು, ಏಕೆಂದರೆ ಮೊದಲ ಗೈಡ್‌ನ ಗಾತ್ರವೂ ಸ್ಥಾನವೂ ರೀಲ್‌ನ ಸ್ಪೂಲ್, ಅಂದರೆ ದಾರವಿರುವ ಉರುಳೆ, ಎಷ್ಟು ಅಗಲವಿದೆ ಎಂಬುದರ ಮೇಲೆ ನಿಂತಿರುತ್ತದೆ. ಅವರು ನನ್ನ ಕೈಗೆ ಬರಿಯ ಕೋಲೊಂದನ್ನು ಕೊಟ್ಟು, ರೀಲನ್ನು ಟೇಪಿನಿಂದ ಅದಕ್ಕೆ ಬಿಗಿದು, ಎಸೆಯುವ ಭಂಗಿಯಲ್ಲಿ ನಿಲ್ಲಿಸಿ, ಮೊಣಕೈಯ ಹತ್ತಿರ ಕೋಲಿನ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕಿದರು. ನಂತರ ಎರಡೂ ಕೈಯಿಂದ ಎಸೆಯುವಂತೆ ಹೇಳಿ ಎಡಗೈ ಎಲ್ಲಿ ತಾನಾಗಿ ಹೋಗಿ ಕೂರುತ್ತದೆ ಎಂದು ನೋಡಿದರು. ಹೀಗೆ ಹಿಡಿಯ ಉದ್ದ 42 ಸೆಂಟಿಮೀಟರ್ ಎಂದು ನಿಶ್ಚಯವಾಯಿತು. ಹಿಡಿ ಕಿರಿದಾದರೆ ತೂಕ ಮುಂದಕ್ಕೆ ವಾಲುತ್ತದೆ, ದೂರಕ್ಕೆ ಎಸೆಯುವಾಗ ಹಿಂಗೈಗೆ ಸಿಗುವ ಸನ್ನೆಯ ಬಲವೂ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿದರು. ಯಾವ ತೂಕದ ಲ್ಯೂರನ್ನು ಹೆಚ್ಚಾಗಿ ಎಸೆಯುತ್ತೀರಿ ಎಂಬ ಪ್ರಶ್ನೆಗೆ ನಾನು ಹತ್ತರಿಂದ ಎಂಬತ್ತು ಗ್ರಾಂವರೆಗೆ ಎಂದಾಗ, “ಎಲ್ಲದಕ್ಕೂ ಆಗುವ ರಾಡ್ ಬೇಕೆಂದರೆ ಅಂಗಡಿಗೇ ಹೋಗಿ ಮಾರಾಯ್ರೇ, ನನ್ನ ಹತ್ತಿರ ಬಂದದ್ದು ಯಾಕೆ?” ಎಂದು ನಕ್ಕರು. ಕೊನೆಗೆ ಮೂವತ್ತರಿಂದ ನಲವತ್ತು ಗ್ರಾಂ ಎಂದು ಒಪ್ಪಂದವಾಯಿತು.

ಈಗ ಬ್ಲ್ಯಾಂಕ್, ಅಂದರೆ ಗೈಡ್ ಹಿಡಿ ಯಾವುದೂ ಇಲ್ಲದ ಬರಿಯ ಕೋಲು. ಕಸ್ಟಮ್ ರಾಡ್ ಎಂದಾಕ್ಷಣ ಕೋಲನ್ನೂ ಅವರೇ ತಯಾರಿಸುತ್ತಾರೆ ಎಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ರಾಳ ಹೀರಿದ ಕಾರ್ಬನ್ ನಾರಿನ ಹಾಳೆಯನ್ನು ಉಕ್ಕಿನ ಮೊನಚು ಸರಳಿನ ಮೇಲೆ ಚಾಪೆ ಸುತ್ತಿದಂತೆ ಬಿಗಿಯಾಗಿ ಸುತ್ತಿ, ಮೇಲೆ ಪಟ್ಟಿ ಬಿಗಿದು, ಒಲೆಯಲ್ಲಿ ಬೇಯಿಸಿ, ಸರಳನ್ನು ಹೊರಗೆಳೆದಾಗ ಬ್ಲ್ಯಾಂಕ್ ಸಿಗುತ್ತದೆ, ಅದು ಕಾರ್ಖಾನೆಯ ಕೆಲಸ. ನನ್ನದನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಆ ಪಟ್ಟಿಯ ಸುರುಳಿ ಗೆರೆಗಳು ಬುಡದಿಂದ ತುದಿಯವರೆಗೂ ಸಣ್ಣ ಏಣುಗಳಾಗಿ ಕಾಣುತ್ತವೆ, ಉಗುರಿಗೂ ತಾಗುತ್ತವೆ. ಉಜ್ಜಿ ಬಣ್ಣ ಹಚ್ಚಿದರೆ ನೋಟಕ್ಕೆ ಚೆಂದ, ಆದರೆ ಉಜ್ಜುವಾಗ ಹೊರಪದರದ ನಾರು ಸವೆಯಬಹುದು, ಬಣ್ಣದಿಂದ ತೂಕವೂ ಏರುತ್ತದೆ. ಹಾಗಾಗಿ ಉಜ್ಜದಿರುವುದನ್ನೇ ಆರಿಸಿಕೊಂಡೆ.

ಕಾರ್ಬನ್‌ಗೆ ಹೇಳುವ 24 ಟನ್, 30 ಟನ್, 40 ಟನ್ ಎಂಬ ಲೆಕ್ಕದ ಬಗ್ಗೆ ಒಂದು ಮಾತು. ಇದು ನಾರಿನ ಬಿಗಿತನದ ಅಳತೆ, ಎಷ್ಟು ಭಾರ ತಾಳುತ್ತದೆ ಎಂಬುದರ ಅಳತೆಯಲ್ಲ. ಸಂಖ್ಯೆ ಹೆಚ್ಚಿದಂತೆ ಅಷ್ಟೇ ಬಿಗಿತನವನ್ನು ಕಡಿಮೆ ವಸ್ತುವಿನಲ್ಲಿ ಪಡೆಯಬಹುದು, ರಾಡ್ ಹಗುರವಾಗುತ್ತದೆ. ಜೊತೆಗೆ ಗೋಡೆ ತೆಳುವಾಗಿ, ಬಂಡೆಗೊಮ್ಮೆ ಬಡಿದರೆ ಅಥವಾ ಮೀನನ್ನು ಎತ್ತುವ ಭರದಲ್ಲಿ ರಾಡನ್ನು ಲಂಬಕ್ಕಿಂತ ಹಿಂದಕ್ಕೆ ಬಾಗಿಸಿದರೆ ಮುರಿಯುವ ಭಯವೂ ಹೆಚ್ಚುತ್ತದೆ. ಬಂಡೆಗಳ ನಡುವೆ ಓಡಾಡುವವರಿಗೆ 40 ಟನ್‌ನ ಮೋಹ ಬೇಡ ಎಂಬ ಅವರ ಸಲಹೆಯನ್ನು ಒಪ್ಪಿ 30 ಟನ್‌ನ ಬ್ಲ್ಯಾಂಕ್ ತರಿಸಿದೆವು. ಬೆಲೆಯೂ ಕಡಿಮೆಯಾಯಿತು. ಗಿರಾಕಿಗೆ ಅಗ್ಗದ ಸರಕನ್ನು ಸೂಚಿಸುವ ವ್ಯಾಪಾರಿಗಳು ಅಪರೂಪ.

ಈ ಕೆಲಸದ ನಿಜವಾದ ಕಸುಬು ಇರುವುದು ಗೈಡ್‌ಗಳಲ್ಲಿ. ಸ್ಪಿನ್ನಿಂಗ್ ರೀಲ್‌ನಿಂದ ದಾರ ನೇರವಾಗಿ ಹೊರಡುವುದಿಲ್ಲ, ದೊಡ್ಡ ದೊಡ್ಡ ಸುರುಳಿಗಳಾಗಿ ಹಾರುತ್ತದೆ. ಆ ಸುರುಳಿಗಳನ್ನು ಮೊದಲ ಎರಡು ಮೂರು ಉಂಗುರಗಳೊಳಗೇ ಅಡಗಿಸಿ, ಅಲ್ಲಿಂದ ಮುಂದೆ ಸಣ್ಣ ಉಂಗುರಗಳ ಮೂಲಕ ನೇರ ಗೆರೆಯಲ್ಲಿ ಕಳುಹಿಸಬೇಕು. ನನ್ನ ರಾಡಿನ ಮೊದಲ ಗೈಡ್ 30 ಮಿಲಿಮೀಟರ್‌ನದು, ತುದಿಯ ಕಡೆಯವು 8 ಮಿಲಿಮೀಟರ್‌ನವು. ಇನ್ನೂ ಸಣ್ಣದನ್ನು ಹಾಕಿದ್ದರೆ ತುದಿಯ ತೂಕ ಇಳಿಯುತ್ತಿತ್ತು, ಆದರೆ ಹೆಣೆದ ಬ್ರೇಡ್ ದಾರವನ್ನೂ ಲ್ಯೂರಿನ ಕಡೆಯ ದಪ್ಪನೆಯ ಲೀಡರ್ ದಾರವನ್ನೂ ಜೋಡಿಸುವ ಎಫ್‌ಜಿ ಗಂಟು ಪ್ರತಿ ಎಸೆತದಲ್ಲೂ ಆ ಉಂಗುರಗಳೊಳಗೆ ಹಾದು ಹೋಗಬೇಕಲ್ಲ. ಅವರು ನನ್ನಿಂದಲೇ ಗಂಟು ಹಾಕಿಸಿ, ಅದನ್ನು ಒಂದೊಂದು ಅಳತೆಯ ಉಂಗುರದಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿದ ನಂತರವೇ 8 ಮಿಲಿಮೀಟರ್ ಎಂದು ಬರೆದುಕೊಂಡರು.

ಗೈಡ್‌ಗಳು ಜಪಾನಿನ ಫ್ಯೂಜಿ ಕಂಪನಿಯ ಕೆ ಸರಣಿಯವು. ಇವುಗಳ ಚೌಕಟ್ಟು ಮುಂದಕ್ಕೆ ವಾಲಿಕೊಂಡಿರುತ್ತದೆ. ಗಾಳಿಗೆ ಬ್ರೇಡ್ ಸಡಿಲಾಗಿ ಉಂಗುರದ ಕಾಲಿಗೆ ಸುತ್ತಿಕೊಂಡರೂ ಮುಂದಿನ ಎಳೆತಕ್ಕೆ ತಾನಾಗಿ ಜಾರಿ ಬಿಡಿಸಿಕೊಳ್ಳುವುದು ಈ ವಾಲುವಿಕೆಯಿಂದ. ಸಂಜೆಯ ಕಡಲಗಾಳಿಯಲ್ಲಿ ಎಸೆದ ಲ್ಯೂರ್ ದಾರ ಕಡಿದುಕೊಂಡು ಒಂದೇ ಹಾರಿಗೆ ಸಮುದ್ರ ಸೇರಿದ್ದನ್ನು ಕಂಡವರಿಗೆ ಇದರ ಮಹತ್ವ ಹೇಳಬೇಕಾಗಿಲ್ಲ. ಉಂಗುರದೊಳಗಿನ ಪಿಂಗಾಣಿಯಲ್ಲಿ ಎರಡು ಆಯ್ಕೆಗಳಿದ್ದವು: ಸಿಲಿಕಾನ್ ಕಾರ್ಬೈಡ್, ಮತ್ತು ಅದಕ್ಕಿಂತ ಅಗ್ಗದ ಆಲ್ಕೊನೈಟ್. ಚೌಕಟ್ಟಿನಲ್ಲಿಯೂ ಎರಡು: ಸ್ಟೇನ್‌ಲೆಸ್ ಸ್ಟೀಲ್ ಮತ್ತು ಟೈಟೇನಿಯಂ. ಟೈಟೇನಿಯಂ ಹಗುರ, ಉಪ್ಪುನೀರಿಗೆ ತುಕ್ಕು ಹಿಡಿಯುವುದಿಲ್ಲ, ಬೆಲೆ ಮಾತ್ರ ಎದೆ ಝಲ್ಲೆನ್ನಿಸುತ್ತದೆ. ನಾನು ಸ್ಟೀಲ್ ಚೌಕಟ್ಟಿಗೆ ಆಲ್ಕೊನೈಟ್ ಎಂದು ನಿರ್ಧರಿಸಿದೆ. ಪ್ರತಿ ಸಲ ಮನೆಗೆ ಬಂದು ಸಿಹಿನೀರಿನಲ್ಲಿ ತೊಳೆದರೂ ಒಂದೆರಡು ಗೈಡ್‌ಗಳ ಪಾದದ ಬಳಿ ಕಂದು ಚುಕ್ಕಿಗಳು ಈಗಲೇ ಕಾಣಿಸಿಕೊಂಡಿವೆ. ಕೈಯಲ್ಲಿ ಹಣವಿದ್ದು ಕಡಲಿನಲ್ಲೇ ಬಳಸುವವರು ಬೇರೆಲ್ಲ ಅಲಂಕಾರವನ್ನು ಬಿಟ್ಟು ಟೈಟೇನಿಯಂಗೆ ಹಾಕುವುದು ಒಳಿತು.

ಗೈಡ್‌ಗಳ ಸ್ಥಾನವನ್ನು ಅವರು ಪಟ್ಟಿ ನೋಡಿ ಗುರುತು ಹಾಕಲಿಲ್ಲ. ಸೈಕಲ್‌ನ ವಾಲ್‌ಟ್ಯೂಬನ್ನು ಸಣ್ಣ ಬಳೆಗಳಾಗಿ ಕತ್ತರಿಸಿ, ಅವುಗಳಿಂದ ಗೈಡ್‌ಗಳನ್ನು ತಾತ್ಕಾಲಿಕವಾಗಿ ಕೋಲಿಗೆ ಹಿಡಿಸಿ, ಬುಡವನ್ನು ಮೇಜಿಗೆ ಬಿಗಿದು, ದಾರವನ್ನು ಎಲ್ಲ ಉಂಗುರಗಳಲ್ಲಿ ಹಾಯಿಸಿ ತುದಿಯಿಂದ ನೀರಿನ ಕ್ಯಾನ್ ಒಂದನ್ನು ನೇತುಹಾಕಿದರು. ಕೋಲು ಬಾಗಿತು. ಎರಡು ಉಂಗುರಗಳ ನಡುವೆ ದಾರ ಕೋಲಿನ ಬಾಗನ್ನು ಅನುಸರಿಸದೆ ಒಳಬದಿಯಲ್ಲಿ ನೇರ ಗೆರೆ ಎಳೆದಂತೆ ಕಂಡರೆ ಅಲ್ಲಿ ಒತ್ತಡವೆಲ್ಲ ಉಂಗುರದ ಬುಡಕ್ಕೆ ಬೀಳುತ್ತಿದೆ ಎಂದರ್ಥ. ಅಂಥ ಕಡೆ ಗೈಡನ್ನು ಬೆರಳಗಲ ಸರಿಸುವುದು, ಮತ್ತೆ ನೀರು ತುಂಬಿಸುವುದು, ಮತ್ತೆ ನೋಡುವುದು. ಒಂದು ಗೈಡ್ ಹೆಚ್ಚೂ ಬೇಕಾಯಿತು. ಆಮೇಲೆ ಅದೇ ಸ್ಥಿತಿಯಲ್ಲಿ, ಟೇಪ್ ಸುತ್ತಿ, ಹತ್ತಿರದ ಗದ್ದೆಗೆ ಕರೆದೊಯ್ದು ನಾಲ್ಕಾರು ಸಲ ಎಸೆಯಿಸಿದರು. ಕಾರ್ಖಾನೆಯಲ್ಲಿ ಒಂದು ಮಾದರಿಗೆ ಒಮ್ಮೆ ಮಾಡಿ ಮುಗಿಸುವ ಈ ಪರೀಕ್ಷೆಯನ್ನು ಇಲ್ಲಿ ನನ್ನ ರೀಲ್, ನನ್ನ ದಾರದ ಜೊತೆ ನನ್ನ ರಾಡಿಗೇ ಮಾಡಿದ್ದಾರೆ. ಕೂಲಿ ಕೊಟ್ಟದ್ದು ಸಾರ್ಥಕವೆನಿಸಿದ್ದು ಇಲ್ಲಿ.

ಬ್ಲ್ಯಾಂಕಿನ ‘ಸ್ಪೈನ್’ ಬಗ್ಗೆ, ಅಂದರೆ ಹಾಳೆಯ ಅಂಚುಗಳು ಒಂದರ ಮೇಲೊಂದು ಬಂದು ಬಿಗಿಯಾಗಿರುವ ಬದಿಯ ಬಗ್ಗೆ, ರಾಡ್ ಕಟ್ಟುವವರಲ್ಲಿ ದೊಡ್ಡ ಜಗಳವೇ ಇದೆ. ಅದನ್ನು ಹುಡುಕಿ ಗೈಡ್‌ಗಳನ್ನು ಅದರ ನೇರಕ್ಕೇ ಕೂರಿಸಬೇಕು ಎನ್ನುವವರು ಒಂದು ಕಡೆ, ಕೋಲು ಯಾವ ಬದಿಯಲ್ಲಿ ನೆಟ್ಟಗೆ ಕಾಣುತ್ತದೆಯೋ ಅಲ್ಲಿ ಕೂರಿಸಿದರೆ ಸಾಕು ಎನ್ನುವವರು ಇನ್ನೊಂದು ಕಡೆ. ಇವರು ಎರಡನೆಯ ಪಕ್ಷದವರು. ಬಳಕೆಯಲ್ಲಿ ನನಗೆ ಯಾವ ಕುಂದೂ ಕಾಣಲಿಲ್ಲ.

ಹಿಡಿಗೆ ಬಾಟಲಿಯ ಬಿರಡೆಗೆ ಬಳಸುವಂಥ ಕಾರ್ಕ್ ಚೆಂದ, ಆದರೆ ಉಪ್ಪುನೀರು, ಸಿಗಡಿಯ ವಾಸನೆ ಎರಡನ್ನೂ ಹೀರಿಕೊಳ್ಳುತ್ತದೆ. ಹಾಗಾಗಿ ಇವಿಎ ಎಂಬ ಹಗುರ ಪ್ಲಾಸ್ಟಿಕ್ ಫೋಮ್ ಹಾಕಿಸಿದೆ. ರೀಲನ್ನು ಬಿಗಿಯುವ ರೀಲ್ ಸೀಟ್ ಫ್ಯೂಜಿಯ ಡಿಪಿಎಸ್ ಮಾದರಿಯದು, ಅದರಲ್ಲಿ ವಿಶೇಷವೇನೂ ಇಲ್ಲ, ಇರಬೇಕಾಗಿಯೂ ಇಲ್ಲ.

ನೂಲು ಮತ್ತು ಎಪಾಕ್ಸಿ ಅಂಟಿನ ವಿಷಯದಲ್ಲಿ ಎರಡು ಸಂಗತಿ ತಿಳಿದಿರಬೇಕು. ಗೈಡ್‌ನ ಪಾದದ ಮೇಲೆ ನೈಲಾನ್ ನೂಲನ್ನು ಎಳೆಗೆ ಎಳೆ ತಾಗುವಂತೆ ಸುತ್ತಿ, ಮೇಲೆ ಎರಡು ದ್ರವಗಳನ್ನು ಸಮಪ್ರಮಾಣದಲ್ಲಿ ಬೆರೆಸಿದ ಎಪಾಕ್ಸಿಯನ್ನು ಹಚ್ಚುತ್ತಾರೆ. ಅದು ಗಟ್ಟಿಯಾಗುವವರೆಗೆ ಒಂದೇ ಬದಿಗೆ ಇಳಿಯಬಾರದೆಂದು ಸಣ್ಣ ಮೋಟಾರಿನಲ್ಲಿ ರಾಡನ್ನು ನಿಧಾನವಾಗಿ ತಿರುಗಿಸುತ್ತಲೇ ಇರುತ್ತಾರೆ. ಸಾಮಾನ್ಯ ನೂಲು ಎಪಾಕ್ಸಿ ಹೀರಿದೊಡನೆ ಬಣ್ಣ ಗಾಢವಾಗುತ್ತದೆ: ಉಂಡೆಯಲ್ಲಿ ಕಡುನೀಲಿಯಾಗಿ ಕಂಡದ್ದು ಕಪ್ಪು ಕೋಲಿನ ಮೇಲೆ ಹೆಚ್ಚುಕಡಿಮೆ ಕಪ್ಪಾಗಿಯೇ ಉಳಿಯುತ್ತದೆ. ಬಣ್ಣ ಕಾಯುವ ಲೇಪವಿದೆ, ಬಣ್ಣ ಬದಲಾಗದ ಬೇರೆ ಜಾತಿಯ ನೂಲೂ ಇದೆ. ಮುಂಚಿತವಾಗಿ ಕೇಳಿ, ತುಂಡು ಕೋಲಿನ ಮೇಲೆ ಮಾದರಿ ನೋಡಿ. ಹಿಡಿಯ ಮುಂದೆ ವಜ್ರಾಕಾರದ ಹೆಣಿಗೆ ಹಾಕಿಸುವ ಚಾಲ್ತಿಯಿದೆ, ಅದಕ್ಕೆ ತಗಲುವ ಶ್ರಮಕ್ಕೆ ತಕ್ಕ ಬೆಲೆಯೂ ಇದೆ. ನಾನು ಬೇಡವೆಂದೆ. ಕೋಲಿಗೆ ಅನಗತ್ಯ ಭಾರ ಎಂಬುದು ಒಂದು ಕಾರಣ, ಬಂಡೆಯ ಮೇಲೆ ಒರಗಿಸಿದ ಮೊದಲ ದಿನವೇ ಅದು ಗೀಚಿಹೋಗುತ್ತದೆ ಎಂಬುದು ಮತ್ತೊಂದು.

ದೂರುಗಳೂ ಇವೆ. ನವರಾತ್ರಿಗೆ ಮೊದಲು ಎಂದದ್ದು ದೀಪಾವಳಿ ದಾಟಿತು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವ ಕಾಲದಲ್ಲಿಯೇ ಹವ್ಯಾಸಿಗಳೂ ಕಡಲಿಗೆ ಹೋಗದೆ ಆರ್ಡರ್‌ಗಳನ್ನು ಕೊಡುತ್ತಾರೆ. ಮಳೆಗಾಲದ ತೇವದಲ್ಲಿ ಎಪಾಕ್ಸಿ ಮಂಕಾಗುವ, ಅಂಟಂಟಾಗಿ ಉಳಿಯುವ ಸಂಭವ ಹೆಚ್ಚಿರುವುದರಿಂದ ಕೆಲಸ ನಿಧಾನವಾಗುತ್ತದೆ. ಕಾರಣ ನ್ಯಾಯವಾದದ್ದೇ. ಆದರೆ ಅದು ಪ್ರತಿ ವರ್ಷವೂ ಬರುವ ಮಳೆ. ದಿನಾಂಕ ಹೇಳುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳಬಹುದಿತ್ತು. ನಾನೇ ಫೋನ್ ಮಾಡದೆ ಒಂದು ಸಲವೂ ಅವರಾಗಿ ಸುದ್ದಿ ತಿಳಿಸಲಿಲ್ಲ ಎಂಬುದು ವಿಳಂಬಕ್ಕಿಂತ ದೊಡ್ಡ ತಕರಾರು.

ಎರಡನೆಯದು, ರಾಡ್ ಕೈಗೆ ಬಂದಾಗ ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ತುದಿಯಿಂದ ಮೂರನೆಯ ಗೈಡ್ ಸಾಲಿನಿಂದ ಸ್ವಲ್ಪ ಬಲಕ್ಕೆ ಹೊರಳಿತ್ತು. ಎಪಾಕ್ಸಿ ಗಟ್ಟಿಯಾದ ಮೇಲೆ ಗೈಡನ್ನು ಒತ್ತಿ ಸರಿಪಡಿಸಲು ಬರುವುದಿಲ್ಲ. ತೋರಿಸಿದಾಗ ವಾದ ಮಾಡಲಿಲ್ಲ. ನೂಲನ್ನು ಗೈಡ್‌ನ ಲೋಹದ ಪಾದದ ಮೇಲಷ್ಟೇ ಬ್ಲೇಡಿನಿಂದ ಸೀಳಿ, ಕೋಲಿಗೆ ಗೀರು ತಾಗದಂತೆ ಬಿಡಿಸಿ, ಹೊಸದಾಗಿ ಸುತ್ತಿಕೊಟ್ಟರು. ಹಣ ಕೇಳಲಿಲ್ಲ. ಹೊಸ ಸುತ್ತಿನ ಬಣ್ಣ ಉಳಿದವುಗಳಿಗಿಂತ ಒಂದು ಛಾಯೆ ತಿಳಿಯಾಗಿದೆ, ಹುಡುಕಿದರೆ ಕಾಣುತ್ತದೆ.

ಕಡಲಿನಲ್ಲಿ ಈ ರಾಡಿನ ಗುಣ ಮೊದಲ ಎಸೆತದಲ್ಲೇ ತಿಳಿಯಿತೆಂದರೆ ಉತ್ಪ್ರೇಕ್ಷೆಯಾದೀತು. ಎಸೆತದ ದೂರ ಹಳೆಯ ರಾಡಿಗಿಂತ ಬಹಳ ಹೆಚ್ಚಿಲ್ಲ. ಹೆಚ್ಚಿರುವುದು ಗುರಿ ಮತ್ತು ಸಲೀಸು: ತುದಿ ಹಗುರವಾದುದರಿಂದ ಎಸೆದ ನಂತರ ಕೋಲು ತೂಗಾಡದೆ ಬೇಗ ನೆಟ್ಟಗಾಗುತ್ತದೆ, ದಾರ ಸದ್ದಿಲ್ಲದೆ ಹರಿಯುತ್ತದೆ. ನೀರಿನ ಮೇಲೆ ಸದ್ದು ಮಾಡುವ ಪಾಪರ್ ಎಂಬ ಲ್ಯೂರನ್ನು ಸಂಜೆಯವರೆಗೆ ಆಡಿಸಿದರೂ ಪಕ್ಕೆಗೆ ಹಿಡಿ ತಾಗುವುದಿಲ್ಲ, ಮಣಿಕಟ್ಟಿನ ನೋವೂ ಇಲ್ಲ. ಅಳಿವೆಯಲ್ಲಿ ಒಂದು ಒಳ್ಳೆಯ ಕೆಂಬೇರಿ ಕಚ್ಚಿದೊಡನೆ ಅದರ ಜಾತಿಯ ಅಭ್ಯಾಸದಂತೆ ಕಲ್ಲಿನ ಸಂದಿಗೆ ನುಗ್ಗಿತು. ಮೃದುವಾದ ತುದಿ ಬಾಗಿ ಮುಗಿದ ಮೇಲೆ ಬುಡದ ಭಾಗ ಕೊಟ್ಟ ಬಲದಿಂದಲೇ ಅದನ್ನು ತಿರುಗಿಸಲು ಸಾಧ್ಯವಾಯಿತು. ಅರವತ್ತು ಗ್ರಾಂ ಲ್ಯೂರ್ ಕಟ್ಟಿದರೆ ಮಾತ್ರ ಕೋಲು ಬಳಲಿದಂತೆ ಅನ್ನಿಸುತ್ತದೆ, ಹತ್ತು ಗ್ರಾಂನದು ಕೋಲನ್ನು ಬಾಗಿಸುವುದೇ ಇಲ್ಲ. ಕೇಳಿದ್ದು ಅದನ್ನೇ ಆದ್ದರಿಂದ ಅದು ದೋಷವಲ್ಲ.

ಬೆಲೆ ಒಟ್ಟು ಇಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಬ್ಲ್ಯಾಂಕಿಗೆ ಸುಮಾರು ಎಂಟು ಸಾವಿರ, ಗೈಡ್‌ಗಳಿಗೆ ಐದು, ಸೀಟು, ಹಿಡಿ, ನೂಲು ಮುಂತಾದವಕ್ಕೆ ಎರಡು, ಉಳಿದದ್ದು ಕೂಲಿ. ಅರ್ಧ ಮುಂಗಡ. ಇದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಅಂಗಡಿಯಲ್ಲಿ ಸಾಕಷ್ಟು ಒಳ್ಳೆಯ ರಾಡ್ ಸಿಗುತ್ತದೆ, ಗಾಳ ಹಾಕಲು ಈಗಷ್ಟೇ ತೊಡಗಿರುವವರು ಅದನ್ನೇ ಕೊಳ್ಳಬೇಕು. ತನಗೆ ಯಾವ ತೂಕದ ಲ್ಯೂರ್ ಒಗ್ಗುತ್ತದೆ, ಎಲ್ಲಿ ನಿಂತು ಎಸೆಯುವುದು ಹೆಚ್ಚು ಎಂಬುದು ಖಚಿತವಾಗದೆ ಕಟ್ಟುವವರ ಮುಂದೆ ಕುಳಿತರೆ ಅವರ ಪ್ರಶ್ನೆಗಳಿಗೆ ಉತ್ತರವೇ ಇರುವುದಿಲ್ಲ. ಉದ್ದದಲ್ಲಿ ಕುಳ್ಳಗಿರುವವರು, ಎಡಗೈಯವರು, ಭುಜ ಅಥವಾ ಮಣಿಕಟ್ಟಿನ ತೊಂದರೆ ಇರುವವರು, ಒಂದೇ ಬಗೆಯ ಜಾಗದಲ್ಲಿ ವರ್ಷಗಟ್ಟಲೆ ಗಾಳ ಹಾಕಿದವರು, ಇವರಿಗೆ ಲಾಭ ಹೆಚ್ಚು. ನನ್ನ ರಾಡ್ ಕಟ್ಟಿದವರ ಬಳಿ ಬರುವ ಇನ್ನೊಂದು ವರ್ಗ ಪರವಾನಗಿ ಪಡೆದು ನದಿಯಲ್ಲಿ ಮಹಶೀರ್ ಮೀನು ಹಿಡಿದು ಬಿಡುವವರದು. ಕಾವೇರಿ ವನ್ಯಜೀವಿಧಾಮದೊಳಗೆ ಗಾಳಕ್ಕೆ ಅವಕಾಶವಿಲ್ಲದ ಕಾರಣ ಅವರು ದೂರದೂರದ ನದಿಗಳಿಗೆ ಹೋಗಬೇಕಾಗುತ್ತದೆ, ಆದ್ದರಿಂದ ಚೀಲದಲ್ಲಿ ಹಿಡಿಸುವಂಥ ಮೂರು ನಾಲ್ಕು ತುಂಡುಗಳ ಗಟ್ಟಿ ರಾಡ್ ಕೇಳುತ್ತಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡ್ ಮೀನಿನ ಕಥೆಯನ್ನು ಅಂಥ ಗಿರಾಕಿಗಳು ಬಂದಾಗಲೆಲ್ಲ ಕೇಳಬೇಕಾಗುತ್ತದಂತೆ.

ಆರ್ಡರ್ ಕೊಡುವವರು ಬ್ಲ್ಯಾಂಕಿನ ಮಾದರಿ, ಗೈಡ್‌ಗಳ ಸರಣಿ ಮತ್ತು ಅಳತೆ, ಹಿಡಿಯ ಉದ್ದ, ಮುಗಿಸುವ ದಿನ, ಬ್ಲ್ಯಾಂಕ್ ಮುರಿದರೆ ಹೊಣೆ ಯಾರದು ಎಂಬುದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಬೇಕು. ನನಗೆ ಸಿಕ್ಕ ಉತ್ತರ ಇದು: ಕಟ್ಟುವಿಕೆಯ ದೋಷಕ್ಕೆ ಅವರು ಹೊಣೆ, ಬಳಕೆಯಲ್ಲಿ ಕೋಲು ಮುರಿದರೆ ಹೊಸ ಬ್ಲ್ಯಾಂಕಿನ ಬೆಲೆ ನನ್ನದು, ಗೈಡ್ ಹಾಳಾದರೆ ಗೈಡ್‌ನ ಬೆಲೆ ಮಾತ್ರ ಪಡೆದು ಕಟ್ಟಿಕೊಡುತ್ತಾರೆ. ರಾಡ್ ಬರುವ ಪಿವಿಸಿ ಕೊಳವೆಯನ್ನು ಎಸೆಯದೆ ಇಟ್ಟುಕೊಳ್ಳಿ, ರಿಪೇರಿಗೆ ಕೊರಿಯರ್ ಮಾಡಲು ಬೇಕಾಗುತ್ತದೆ. ಆದರೆ ಒದ್ದೆ ರಾಡನ್ನು ಅದರೊಳಗೆ ಮುಚ್ಚಿಡಬೇಡಿ. ಎರಡು ತುಂಡು ಸೇರುವಲ್ಲಿ ಆಗಾಗ ಮೇಣದಬತ್ತಿ ಉಜ್ಜಿದರೆ ಎಸೆತದ ನಡುವೆ ತುದಿ ತಿರುಗಿ ಸಡಿಲಾಗುವುದಿಲ್ಲ. ಬಂಡೆಯ ಮೇಲೆ ಮೊದಲು ಮುರಿಯುವುದು ತುದಿಯ ಉಂಗುರ, ಹಾಗಾಗಿ ಅದೇ ಅಳತೆಯ ಒಂದನ್ನು ಹೆಚ್ಚುವರಿಯಾಗಿ ಕೇಳಿ ಪಡೆಯಿರಿ. ಅದನ್ನು ಬಿಸಿಗೆ ಕರಗುವ ಅಂಟಿನಿಂದ ಕೂರಿಸಿರುತ್ತಾರೆ. ಲೋಹದ ಕೊಳವೆಗೆ ಮಾತ್ರ ತಾಗುವಂತೆ ಲೈಟರ್ ಹಿಡಿದರೆ ಕಳಚಿ ಬರುತ್ತದೆ, ಕಾರ್ಬನ್‌ಗೆ ಉರಿ ತಾಗಿಸಬಾರದು.